ಟೊಮ್ಯಾಟೊ ಗಿಡ: ಬೀಜದ್ದೋ ಬಿಸಲಿಂದೋ?

ಪ್ರಶ್ನೆ: ಸರ್ ನಮಸ್ಕಾರ್ರಿ. ಹೋದ ವರ್ಷ ಅಂಗಡಿಯಿಂದ ಹೈಬ್ರಿಡ್ ಟೊಮ್ಯಾಟೊ ಬೀಜ ತಂದು ಹಚ್ಚಿದ್ವಿ, ಎಲ್ಲಾ ಗಿಡ ಒಂದೇ ನಮೂನಿ ಎತ್ತರ ಬೆಳದಿದ್ವು. ಅದರ ಹಣ್ಣಿನ ಬೀಜಾನ ಇಟ್ಟು ಈ ಸಲ ಅಗಿ ಮಾಡಿ ಹಚ್ಚೀವಿ, ಕೆಲವು ಗಿಡ್ಡಗ ಪೊದಿ ಆಗ್ಯಾವು, ಕೆಲವು ಬಳ್ಳಿ ಹಂಗ ಹೊಂಟಾವು, ಮತ್ತ ಯುಗಾದಿ ಆದಮ್ಯಾಲಿಂದ ಎಲ್ಲಾದರದೂ ಹೂ ಉದರಾಕತ್ತಾವು. ಬಿಸಲಿಗೆ ಬೀಜ ಕೆಟ್ಟೈತೇನ್ರಿ?
– ಓದುಗ ಸಹೋದರಿ, ರಾಣೆಬೆನ್ನೂರು

ಉತ್ತರ: ಅಕ್ಕಾರ, ಇದರಾಗ ಎರಡು ಬ್ಯಾರೆ ಸಂಗತಿ ಕೂಡ್ಯಾವು. ಒಂದೇ ಮಡಿ, ಒಂದೇ ನೀರು, ಒಂದೇ ಗೊಬ್ಬರ ಇದ್ದೂ ಗಿಡದಿಂದ ಗಿಡಕ್ಕ ಫರಕು ಅಂದ್ರ ಅದು ವಂಶದಾಗಿಂದು. ಬಿಸಲು ಏರಿದ ಕೂಡ್ಲೇ ಗಿಡ್ಡದ್ದು ಉದ್ದಂದು ಎಲ್ಲಾ ಕೂಡಿ ಹೂ ಉದರಿಸಿದ್ರ ಅದು ಹವಾದ್ದು.

ಹೈಬ್ರಿಡ್ ಅಂದ್ರ ಎರಡು ತಳಿ ಕೂಡಿಸಿ ತಗದ ಮೊದಲ ಪೀಳಿಗಿ. ಟೊಮ್ಯಾಟೊದಾಗ ಬೆಳಕೋತ ಹೋಗೋ ಗುಣ ಜೋರಿಂದು, ಪೊದಿ ಆಗೋ ಗುಣ ಅಡಗಿರ್ತೈತಿ, ತಂದಿ ಕಡೆಯಿಂದನೂ ತಾಯಿ ಕಡೆಯಿಂದನೂ ಗಿಡ್ಡದ ಜೀನ್ ಬಂದ್ರ ಮಾತ್ರ ಗಿಡ ಗಿಡ್ಡ. ನಿಮ್ಮ ಹೋದ ವರ್ಷದ ಗಿಡದಾಗ ಎರಡೂ ಒಂದೊಂದು ಇದ್ದಿರಬೇಕು, ಅದಕ್ಕ ಎಲ್ಲಾ ಎತ್ತರ, ಈಗ ಅದರ ಮಕ್ಕಳಿಗೆ ಹಂಚಿಕಿ ಆಗುವಾಗ ಸುಮಾರು ನಾಕರಾಗ ಒಂದು ಗಿಡ್ಡ ಬರ್ತೈತಿ. 1866ರಾಗ ವಂಶದ ಗುಣ ಅಭ್ಯಾಸ ಮಾಡಿದ ವಿಜ್ಞಾನಿ ಮೆಂಡೆಲ್ ಬಟಾಣಿ ಗಿಡದ ಮ್ಯಾಲ ತೋರಿಸಿದ್ದು ಇದ ಲೆಕ್ಕ. ಕಾಯಿ ಗಾತ್ರ, ರೋಗ ತಡಿಯೋ ಶಕ್ತಿನೂ ಹಿಂಗ ಚದರತಾವು, ನನಗ ಕೇಳಿದ್ರ ಲುಕ್ಸಾನು ಅಲ್ಲೇ ಹೆಚ್ಚು. ಬೀಜ ಇಟ್ಟುಕೊಳ್ಳೋ ರೂಢಿ ಬಿಡಬ್ಯಾಡ್ರಿ, ಆದ್ರ ಹೈಬ್ರಿಡ್‌ದು ಬಿಟ್ಟು ಜವಾರಿದು ಇಲ್ಲಾ ಅರ್ಕಾ ವಿಕಾಸ್‌ನಂಥ ಸ್ಥಿರ (ಬೀಜ ಇಟ್ರೂ ಗುಣ ಚದರದ) ತಳಿದು ಇಡ್ರಿ.

ಇನ್ನ ಹೂವಿಂದು. ಟೊಮ್ಯಾಟೊಕ್ಕ ಹಗಲು 21ರಿಂದ 27 ಡಿಗ್ರಿ, ರಾತ್ರಿ 15ರಿಂದ 20 ಇದ್ರ ಒಗ್ತೈತಿ. ಏಪ್ರಿಲ್‌ದಾಗ ನಮ್ಮ ಹಾವೇರಿ ಕಡೆ ಹಗಲು 35 ದಾಟತೈತಿ, ರಾತ್ರೀನೂ ಸೆಕಿ ಇಳಿಯೂದಿಲ್ಲ, ಪರಾಗದ ಕಸುವು ಹೋಗಿ ಕಾಯಿ ಕಟ್ಟದ ಹೂ ಉದರತಾವು. ಅದಕ್ಕಂತ ಯೂರಿಯಾ ಹಾಕಬ್ಯಾಡ್ರಿ, ಬರೇ ಎಲಿ ಬೆಳೀತಾವು. ಬುಡಕ್ಕ ಕಬ್ಬಿನ ರವದಿ ಹೊಚ್ಚಿ, ಮುಂಜಾನಿ ನೀರು ತಪ್ಪಸಬ್ಯಾಡ್ರಿ, ಮಧ್ಯಾಹ್ನದ ಬಿಸಲು ಬೀಳೋ ಕಡೆ ಶೇಡ್ ನೆಟ್ ಇಲ್ಲಾ ಹಳೇ ಸೀರಿ ಕಟ್ರಿ. 30 ಡಿಗ್ರಿ ಮ್ಯಾಲ ಹೋದ್ರ ಹಣ್ಣೂ ಪೂರಾ ಕೆಂಪಾಗದ ಹಳದಿ ಉಳೀತಾವು, ಬಣ್ಣ ತಿರಗಿದ ಕೂಡ್ಲೇ ಹರದು ಮನಿಯೊಳಗ ತಂಪಿನ್ಯಾಗ ಇಟ್ಟು ನೋಡ್ರಿ.

ಬಿಸಲು ಕಂಡ ಗಿಡದ್ದಂತ ಬೀಜದ ವಂಶ ಕೆಡೂದಿಲ್ರಿ. ಅದನ್ನ ಅಕ್ಟೋಬರ್ ಸುಮಾರಿಗೆ ಹಚ್ಚಿದ್ರ ಹೂ ನಿಲ್ತಾವು, ಗಿಡ್ಡ ಉದ್ದ ಮಾತ್ರ ಆಗಲೂ ಬರತಾವು.