ಅಣ್ಣನಿಗೆ ಎತ್ತಿಟ್ಟ ಗನ್ನು

ಈ ಪ್ರಕರಣ ಬರೆಯಲು ಮನೆಯವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಓದು ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ. ಹುಡುಗನಿಗೆ ಸುಳ್ಳು ಹೆಸರು ಕೊಡಲು ಮನಸ್ಸು ಬರಲಿಲ್ಲ. ಹುಡುಗ ಅಂತಲೇ ಕರೆಯುತ್ತೇನೆ.

ಆಪ್ತಸಲಹೆಗೆಂದು ನನ್ನ ಹತ್ತಿರ ಮೊದಲು ಬಂದವರು ಅವನ ಅಪ್ಪ. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದಿದ್ದರು. ಕೊಡೆ ಹೊರಗಿಟ್ಟು ಕುರ್ಚಿಯ ತುದಿಯಲ್ಲಿ ಕೂತರು.

"ಮಗ ರಾತ್ರಿಯಿಡೀ ಟಿವಿ ಮುಂದೆ ಕೂತು ಗುಂಡು ಹೊಡೀತಾನೆ ಮೇಡಂ. ಏಳೋದು ಹನ್ನೊಂದಕ್ಕೆ. ಅಡಿಕೆಗೆ ಕೊಳೆ ಔಷಧಿ ಹೊಡೆಯೋರು ಬಂದ ದಿನಾನೂ ಏಳಲಿಲ್ಲ. ಮೈಲುತುತ್ತು, ಸುಣ್ಣ ಎಲ್ಲ ನಾನೇ ಕಲಸಿದೆ. ಹಿಂಗೇ ಕೋವಿ ಆಟ ಆಡ್ತಾ ಆಡ್ತಾ ಎಂಥ ಮಾಡ್ಕೊಳ್ತಾನೋ ಅಂತ ಭಯ."

ಹುಡುಗನಿಗೆ 22 ವರ್ಷ. ಇಂಜಿನಿಯರಿಂಗ್‌ನಲ್ಲಿ ಎರಡು ಸಬ್ಜೆಕ್ಟ್ ಬಾಕಿ. ಒಂದು ವರ್ಷದಿಂದ ಮನೆಯಲ್ಲಿದ್ದಾನೆ. ಅಪ್ಪ ಎರಡು ಸಲ ಮೇನ್ ಸ್ವಿಚ್ ತೆಗೆದಿದ್ದರು. ಎರಡನೇ ಸಲ ದೊಡ್ಡ ಜಗಳವಾಗಿ, ಮಗ ಮೂರು ದಿನ ಊಟಕ್ಕೆ ಬರಲಿಲ್ಲ.

ಆ ದಿನ ಅವರಿಗೆ ಹೇಳಿದ್ದು ಎರಡೇ ಮಾತು. ಸ್ವಿಚ್ ತೆಗೆಯಬೇಡಿ. ಮತ್ತೆ, ಮನೆಯಲ್ಲಿ ಲೈಸೆನ್ಸ್ ಕೋವಿ ಇದ್ದರೆ ಅದನ್ನೂ ತೋಟದ ಔಷಧಿಗಳನ್ನೂ ಬೀಗ ಹಾಕಿಡಿ, ಕೀಲಿ ನಿಮ್ಮ ಹತ್ತಿರವೇ ಇರಲಿ. ಮಲೆನಾಡಿನ ತೋಟದ ಮನೆಯಿಂದ ಯಾರೇ ಬರಲಿ, ಈ ಮಾತನ್ನು ಮೊದಲ ದಿನವೇ ಹೇಳುತ್ತೇನೆ. ಆಟಕ್ಕೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಒಬ್ಬರ ಮನಸ್ಸು ಕುಸಿದಿರಬಹುದು ಅನ್ನಿಸಿದ ಕೂಡಲೇ ಮಾಡಬೇಕಾದ ಕೆಲಸ ಅದು.

ಎರಡು ವಾರದ ನಂತರ ಹುಡುಗ ಬಂದ. ಬೈಸಿಕೊಳ್ಳಲು ತಯಾರಾಗಿಯೇ ಬಂದಂತಿತ್ತು. "ಯಾವ ಆಟ? ನನಗೆ ಆಡಲು ಬರಲ್ಲ, ಹೇಳಿಕೊಡು" ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಮುಕ್ಕಾಲು ಗಂಟೆ ನಿಲ್ಲಿಸದೆ ಮಾತಾಡಿದ.

ಆಟದ ಹೆಸರು ಬಾರ್ಡರ್‌ಲ್ಯಾಂಡ್ಸ್ 2. 2012ರಲ್ಲಿ ಬಂದದ್ದು. ಪಂಡೋರಾ ಎಂಬ ಗ್ರಹ, ಅಲ್ಲಿ ಹ್ಯಾಂಡ್ಸಮ್ ಜ್ಯಾಕ್ ಎಂಬ ದುಷ್ಟ, ನಿಧಿ ಹುಡುಕುತ್ತಾ ಅವನ ಎದುರು ನಿಲ್ಲುವ ನಾವು. ಕಥೆ ಇಷ್ಟೇ ಆದರೂ ಆಟದ ಜೀವ ಇರುವುದು ಲೂಟಿಯಲ್ಲಿ. ಶತ್ರು ಸತ್ತರೆ ಗನ್ನು ಬೀಳುತ್ತದೆ, ಪೆಟ್ಟಿಗೆ ತೆರೆದರೂ ಗನ್ನು. ಬಣ್ಣ ನೋಡಿದರೆ ದರ್ಜೆ ಗೊತ್ತಾಗುತ್ತದೆ. ಬಿಳಿ ಸಾಮಾನ್ಯ. ಆಮೇಲೆ ಹಸಿರು, ನೀಲಿ, ನೇರಳೆ. ಎಲ್ಲಕ್ಕಿಂತ ಅಪರೂಪದವುಗಳಲ್ಲಿ ಕಿತ್ತಳೆ ಬಣ್ಣದ್ದೇ ಹೆಚ್ಚು ಹೆಸರಾಗಿದ್ದು. ಅದು ಬಿದ್ದರೆ ನೆಲದಿಂದ ಕಿತ್ತಳೆ ಬೆಳಕು ಮೇಲೇಳುತ್ತದೆ. "ಆ ಬೆಳಕು ಕಂಡ್ರೆ ಎದೆ ಧಸಕ್ ಅನ್ನುತ್ತೆ ಮೇಡಂ" ಎಂದ.

ಮುಂದಿನ ಸಲ ಅಪ್ಪನೂ ಜೊತೆಗಿದ್ದಾಗ ಇದನ್ನು ಅವರಿಗೆ ವಿವರಿಸಲು ಹೇಳಿದೆ. ಕೇಳಿಸಿಕೊಂಡು ಅವರೆಂದರು, "ಅಂದ್ರೆ ಗೊರಬಲು, ರಾಶಿ, ಬೆಟ್ಟೆ, ಹಸ ಇದ್ದಂಗೆ ಅಲ್ವಾ?" ಹುಡುಗ ಅಪ್ಪನ ಕಡೆ ತಿರುಗಿ, "ಹೌದಪ್ಪ, ಕಿತ್ತಳೆ ಅಂದ್ರೆ ಹಸ" ಎಂದ. ಅಡಿಕೆ ದರ್ಜೆ ಮಾಡುವವರಿಗೆ ಈ ಆಟದ ಅರ್ಧ ಭಾಗ ಆಗಲೇ ಗೊತ್ತಿದೆ! ಒಂದು ವರ್ಷದಲ್ಲಿ ಅವರಿಬ್ಬರೂ ಜಗಳವಿಲ್ಲದೆ ಆಡಿದ ಮೊದಲ ಮಾತು ಅದು ಎಂದು ಆಮೇಲೆ ಗೊತ್ತಾಯಿತು.

ಆದರೆ ಹುಡುಗ ಕಥೆ ಮುಗಿಸಿ ಬಹಳ ಕಾಲವಾಗಿತ್ತು. ಹಾಗಾದರೆ ರಾತ್ರಿಯಿಡೀ ಏನು ಮಾಡುತ್ತಿದ್ದ? ಫ್ರಾಸ್ಟ್‌ಬರ್ನ್ ಕಣಿವೆ ಎಂಬ ಜಾಗಕ್ಕೆ ಹೋಗಿ ಸ್ಕಾರ್ಚ್ ಎಂಬ ಒಂದೇ ಪ್ರಾಣಿಯನ್ನು ಕೊಲ್ಲುತ್ತಿದ್ದ. ಅದರಿಂದ ಹೆಲ್‌ಫೈರ್ ಎಂಬ ಕಿತ್ತಳೆ ಗನ್ನು ಬೀಳಬಹುದು, ಬೀಳದೆಯೂ ಇರಬಹುದು. ಬೀಳದಿದ್ದರೆ ಆಟದಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಾನೆ. ಸ್ಕಾರ್ಚ್ ಮತ್ತೆ ಬದುಕಿರುತ್ತದೆ. ಆಡುವವರು ಇದನ್ನು ಫಾರ್ಮಿಂಗ್ ಅನ್ನುತ್ತಾರೆ. ಹುಡುಗ ಒಂದು ಹಳೆ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಟ್ಟಿದ್ದ, ಅಡಿಕೆ ಕೊನೆ ಎಣಿಸುವವರ ಹಾಗೆ ಐದೈದು ಗೀಟು. ಪುಟಗಟ್ಟಲೆ ಇತ್ತು.

ಇದು ಯಾಕೆ ಹಿಡಿದುಕೊಳ್ಳುತ್ತದೆ ಎಂದು ಇಬ್ಬರಿಗೂ ಹೇಳಿದೆ. ಹೊಳೆಗೆ ಗಾಳ ಹಾಕಿ ಕೂತವರನ್ನು ನೋಡಿ. ಗಾಳ ಹಾಕಿದಾಗಲೆಲ್ಲ ಮೀನು ಸಿಕ್ಕಿದ್ದರೆ ಬುಟ್ಟಿ ತುಂಬಿದ ಕೂಡಲೇ ಎದ್ದು ಬರುತ್ತಿದ್ದರು. ಸಿಗುವುದೇ ಇಲ್ಲ ಅಂತ ಗೊತ್ತಿದ್ದರೂ ಎದ್ದು ಬರುತ್ತಿದ್ದರು. ಯಾವಾಗ ಸಿಗುತ್ತದೋ ಗೊತ್ತಿಲ್ಲದ್ದಕ್ಕೆ ಕತ್ತಲಾದರೂ ಕೂತಿರುತ್ತಾರೆ. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಇದನ್ನೇ ತೋರಿಸಿದರು. ಎಷ್ಟು ಸಲ ಕುಕ್ಕಿದರೆ ಕಾಳು ಸಿಗುತ್ತದೆ ಎಂದು ಗೊತ್ತಿಲ್ಲದ ಪಾರಿವಾಳ ಕುಕ್ಕುವುದನ್ನು ಬೇಗ ಬಿಡುವುದಿಲ್ಲ. ಈ ಆಟದಲ್ಲಿ ಇನ್ನೊಂದು ತಿರುವೂ ಇದೆ. ಅದೇ ಹೆಸರಿನ ಗನ್ನು ಸಿಕ್ಕರೂ ಬಿಡಿಭಾಗಗಳು ಪ್ರತಿ ಸಲ ಬೇರೆ ಬೇರೆ. ನಮ್ಮ ಲೆವೆಲ್ ಏರಿದರೆ ಹಳೆಯದು ಸಪ್ಪೆ. ಹಾಗಾಗಿ ಸಿಕ್ಕಿದರೂ ಹುಡುಕಾಟ ಮುಗಿಯುವುದಿಲ್ಲ.

ಕಾಯಿಲೆಯ ಪ್ರಶ್ನೆಯನ್ನೂ ಅಪ್ಪ ಕೇಳಿದರು. ಗೇಮಿಂಗ್ ಡಿಸಾರ್ಡರ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿದೆ. ಆ ಪಟ್ಟಿಯ 11ನೇ ಆವೃತ್ತಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಆಟದ ಮೇಲೆ ಹಿಡಿತ ತಪ್ಪಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಬೇಕು, ಕೆಟ್ಟದಾಗುತ್ತಿದೆ ಎಂದು ಗೊತ್ತಾದರೂ ಮುಂದುವರಿಯಬೇಕು. ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದಿರಬೇಕು. ಜಾಸ್ತಿ ಹೊತ್ತು ಆಡುವುದೇ ಕಾಯಿಲೆಯಲ್ಲ. ಹೆಸರಿಡುವುದು ಮನೋವೈದ್ಯರ ಕೆಲಸ. ಆರು ವಾರದಲ್ಲಿ ಏನೂ ಬದಲಾಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಶಟ್ ಕ್ಲಿನಿಕ್‌ಗೆ ಹೋಗೋಣ ಎಂದು ಮಾತಾಯಿತು. ಆ ಕ್ಲಿನಿಕ್ ಇಂಥ ತೊಂದರೆಗಳಿಗೆಂದೇ 2014ರಲ್ಲಿ ಶುರುವಾದದ್ದು. ಸಾಯುವ ಯೋಚನೆ ಬರುತ್ತದಾ ಎಂದು ಹುಡುಗನನ್ನು ನೇರವಾಗಿಯೇ ಕೇಳಿದೆ. "ಸಾಯೋ ಯೋಚನೆ ಬರಲ್ಲ. ಬೆಳಗ್ಗೆ ಆಗೋದು ಬೇಡ ಅನ್ನಿಸುತ್ತೆ" ಎಂದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಅವನ ಫೋನಿನಲ್ಲಿ ನನ್ನ ಮುಂದೆಯೇ ಸೇವ್ ಮಾಡಿಸಿದೆ. ರಾತ್ರಿ ಎರಡು ಗಂಟೆಗೆ ನಾನು ಸಿಗುವುದಿಲ್ಲ, ಅಲ್ಲಿ ಯಾರಾದರೂ ಸಿಗುತ್ತಾರೆ.

ವಿಷಯ ತೆರೆದುಕೊಂಡದ್ದು ಮೂರನೇ ಭೇಟಿಯಲ್ಲಿ. ಹೆಲ್‌ಫೈರ್ ಯಾಕಪ್ಪ ಅಷ್ಟು ಬೇಕು ಎಂದು ಸುಮ್ನೆ ಕೇಳಿದೆ. ಅವನು ಆಡುವುದು ಝೀರೋ ಎಂಬ ಪಾತ್ರ, ದೂರದಿಂದ ಸ್ನೈಪರ್ ಹೊಡೆಯುವವನು. ಹೆಲ್‌ಫೈರ್ ಸ್ನೈಪರ್ ಅಲ್ಲ, ಹತ್ತಿರದಿಂದ ಬೆಂಕಿ ಸುರಿಸುವ ಎಸ್‌ಎಂಜಿ, ಅಂದರೆ ಸಬ್‌ಮಷಿನ್ ಗನ್ನು.

"ಅದು ನಂಗಲ್ಲ ಮೇಡಂ. ಮಾಯಾಗೆ."

ಮಾಯಾ ಅಂದರೆ ಆಟದ ಇನ್ನೊಂದು ಪಾತ್ರ. ಅದನ್ನು ಆಡುತ್ತಿದ್ದವನು ದೊಡ್ಡಪ್ಪನ ಮಗ. ಇವನಿಗೆ ಸ್ವಂತ ಅಣ್ಣನಿಗಿಂತ ಹೆಚ್ಚು. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಇಬ್ಬರೂ ಕಾಡಿಬೇಡಿ ಪ್ಲೇಸ್ಟೇಷನ್ 4 ತರಿಸಿಕೊಂಡಿದ್ದರು. ಟಿವಿ ಪರದೆಯನ್ನು ಎರಡು ಭಾಗ ಮಾಡಿಕೊಂಡು ಒಟ್ಟಿಗೆ ಆಡುತ್ತಿದ್ದರು. ಮುಖ್ಯ ಕಥೆ ಮುಗಿಸಿದರು. ಆಮೇಲೆ ವಿಸ್ತರಣೆಗಳು, ಅಂದರೆ ಅದೇ ಆಟಕ್ಕೆ ಆಮೇಲೆ ಸೇರಿಸಿದ ಹೊಸ ಕಥೆಗಳು: ಮರಳುಗಾಡಿನ ಕಡಲ್ಗಳ್ಳರದ್ದು, ಟೋರ್ಗ್‌ನ ಕಾಳಗದ್ದು, ಹ್ಯಾಮರ್‌ಲಾಕ್‌ನ ಬೇಟೆಯದ್ದು. ಮಳೆಗಾಲದಲ್ಲಿ ಕರೆಂಟು ಇದ್ದಷ್ಟು ಹೊತ್ತು ಆಟ, ಹೋದರೆ ಒಲೆ ಮುಂದೆ ಹಲಸಿನ ಬೀಜ ಸುಟ್ಟುಕೊಂಡು ಅದರದ್ದೇ ಮಾತು.

ಈ ಆಟದಲ್ಲಿ ಬಿದ್ದ ಲೂಟಿ ಇಬ್ಬರಿಗೂ ಸೇರಿ ಒಂದೇ. ಯಾರು ಮೊದಲು ಎತ್ತಿಕೊಂಡರೋ ಅವರದ್ದು. ಇದಕ್ಕೇ ಜಗಳವಾಡಿದ ಗೆಳೆಯರು ಎಷ್ಟೋ ಜನ. ಇವರಿಬ್ಬರೂ ಒಂದು ಸಲವೂ ಜಗಳವಾಡಲಿಲ್ಲ. ಸ್ನೈಪರ್ ತಮ್ಮನಿಗೆ, ಎಸ್‌ಎಂಜಿ ಅಣ್ಣನಿಗೆ.

ಎರಡು ವರ್ಷದ ಹಿಂದೆ ಮನೆ ಪಾಲಾಯಿತು. ತೋಟ, ಚಪ್ಪರ, ಅಂಗಳ ಎಲ್ಲ ಪಾಲು. ಜಗಲಿಗೆ ಅಡ್ಡ ಗೋಡೆ ಬಂತು. ದೊಡ್ಡವರು ಮಾತು ಬಿಟ್ಟರು, ಮಕ್ಕಳೂ ಬಿಡಬೇಕಾಯಿತು. ಅಣ್ಣ ಬೆಂಗಳೂರಿಗೆ ಕೆಲಸಕ್ಕೆ ಹೋದ. ಪ್ಲೇಸ್ಟೇಷನ್ ಇವನ ಕಡೆ ಉಳಿಯಿತು. ಅದರೊಳಗೆ ಅಣ್ಣನ ಮಾಯಾ ಕೂಡ ಉಳಿದಳು.

"ಆಟದಲ್ಲಿ ಬಿದ್ರೆ ಜೊತೆಗಿದ್ದವರು ಬಂದು ಎಬ್ಬಿಸ್ತಾರೆ. ಮಾಯಾ ಆದ್ರೆ ದೂರದಿಂದಲೇ ಎಬ್ಬಿಸ್ತಾಳೆ. ಈಗ ಬಿದ್ರೆ ನಾನೇ ಯಾರನ್ನಾದ್ರೂ ಹೊಡೆದು ಎದ್ದೇಳಬೇಕು" ಎಂದ. ಆಮೇಲೆ ತಲೆ ತಗ್ಗಿಸಿ ಅತ್ತ. ಆಟದೊಳಗಿನ ಬ್ಯಾಂಕಿನಲ್ಲಿ ಅಣ್ಣನಿಗೆಂದು ಎತ್ತಿಟ್ಟ ಹೆಲ್‌ಫೈರ್‌ಗಳು ಆಗಲೇ ನಾಲ್ಕಿದ್ದವು. ಅಣ್ಣ ಬಂದಾಗ ಇನ್ನೂ ಚೆನ್ನಾಗಿರುವುದು ಇರಲಿ ಅಂತ ಹುಡುಕುತ್ತಲೇ ಇದ್ದ.

ಹುಡುಗನದ್ದು ಆಟದ ಚಟ ಎಂದು ಮನೆಯವರೆಲ್ಲ ನಂಬಿದ್ದರು. ನನಗೆ ಕಂಡದ್ದು ಪಾಲಾದ ಮನೆಯ ದುಃಖ. ಜಮೀನಿನ ಲೆಕ್ಕ ಮಾಡಿದವರು ಮಕ್ಕಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹುಡುಗನಿಗೆ ಕೊಟ್ಟ ಸಲಹೆ ಹೀಗಿತ್ತು. ಆಟ ಬಿಡಬೇಡ, ಫಾರ್ಮಿಂಗ್ ಬಿಡು. ಕಥೆಗೆ ಕೊನೆ ಇದೆ, ಸ್ಕಾರ್ಚ್‌ಗೆ ಇಲ್ಲ. ಕೂರುವ ಮೊದಲು ಅದೇ ನೋಟ್‌ಬುಕ್ಕಿನಲ್ಲಿ ಇವತ್ತು ಯಾವ ಮಿಷನ್ ಅಂತ ಬರೆ, ಅದು ಮುಗಿದರೆ ಏಳು. ರಾತ್ರಿ ಹನ್ನೊಂದಕ್ಕೆ ಟಿವಿ ಬಂದ್. ನಿದ್ದೆ ಬರದಿದ್ದರೂ ಬೆಳಗ್ಗೆ ಏಳಕ್ಕೆ ಎದ್ದು ಅಪ್ಪನ ಜೊತೆ ತೋಟಕ್ಕೆ ಒಂದು ಸುತ್ತು. ಸಬ್ಜೆಕ್ಟಿನ ಮಾತು ಒಂದು ತಿಂಗಳು ಬೇಡ. ನಿದ್ದೆ ಸರಿಯಾಗದೆ ಓದು ತಲೆಗೆ ಹತ್ತುವುದಿಲ್ಲ. ಅಪ್ಪನಿಗೆ, ದಿನಕ್ಕೊಂದು ಸಲ ಪರೀಕ್ಷೆ ಬಿಟ್ಟು ಬೇರೆ ಏನಾದರೂ ಮಾತಾಡಿ ಎಂದೆ. ಅವರಿಗೆ ಅದೇ ಕಷ್ಟವಾಯಿತು. ಆದರೂ ಪ್ರಯತ್ನಪಟ್ಟರು.

ಇನ್ನೊಂದು ಸಲಹೆ ಕೊಡುವ ಮೊದಲು ಯೋಚಿಸಿದೆ. ನಾಲ್ಕನೇ ವಿಸ್ತರಣೆಯನ್ನು ಅವನು ಮುಟ್ಟಿರಲಿಲ್ಲ, ಅಣ್ಣ ಬಂದಮೇಲೆ ಅಂತ ಬಿಟ್ಟಿದ್ದ. ಅದು 2013ರಲ್ಲಿ ಬಂದ ಡ್ರ್ಯಾಗನ್ ಕೀಪ್ ಕಥೆ. ಮುಖ್ಯ ಕಥೆಯಲ್ಲಿ ಜ್ಯಾಕ್ ಕೈಯಲ್ಲಿ ಸಾಯುವ ರೋಲ್ಯಾಂಡ್‌ನನ್ನು ಟೀನಾ ಎಂಬ ಹುಡುಗಿ ತುಂಬಾ ಹಚ್ಚಿಕೊಂಡಿರುತ್ತಾಳೆ. ಈ ವಿಸ್ತರಣೆಯಲ್ಲಿ ಅವಳು ಮೇಜಿನ ಮೇಲೆ ಒಂದು ಆಟ ಹೂಡಿ, ಅದರೊಳಗೆ ರೋಲ್ಯಾಂಡ್ ಬದುಕಿದ್ದಾನೆಂಬ ಹಾಗೆ ಆಡಿಸುತ್ತಾಳೆ. ಜೊತೆಗಿದ್ದವರು ಹೇಳಿದರೂ ಒಪ್ಪುವುದಿಲ್ಲ. ಕೊನೆಗೆ ಅವಳೇ ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾಳೆ. ಒಂಟಿಯಾಗಿ ಇದನ್ನು ಆಡಿದರೆ ಹುಡುಗನಿಗೆ ಭಾರವಾಗಬಹುದು ಅನ್ನಿಸಿತು. ನಾಲ್ಕು ವಾರ ಕಾದೆ. ನಿದ್ದೆ ಸ್ವಲ್ಪ ಹಾದಿಗೆ ಬಂದಮೇಲೆ, ಶನಿವಾರ ಭಾನುವಾರ ಎರಡೆರಡು ಗಂಟೆ ಆಡಿ ಮುಗಿಸು, ಮುಗಿದ ಮಾರನೇ ದಿನ ನನಗೆ ಫೋನ್ ಮಾಡು ಎಂದೆ.

ಫೋನ್ ಬಂತು. "ಅಣ್ಣ ಸತ್ತಿಲ್ಲ ಮೇಡಂ, ಬೆಂಗಳೂರಲ್ಲಿದ್ದಾನೆ" ಎಂದ. ಅಷ್ಟೇ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ.

ಅಣ್ಣನಿಗೆ ಮೆಸೇಜ್ ಮಾಡಬೇಕಾ ಬೇಡವಾ ಎಂದು ಕೇಳಿದ. ಮಾಡು, ಆದರೆ ಪಾಲಿನ ಮಾತು ಎತ್ತಬೇಡ, ಯಾರದ್ದು ತಪ್ಪು ಎಂಬುದೂ ಬೇಡ, ಉತ್ತರ ಬರದಿದ್ದರೂ ತಡೆದುಕೊಳ್ಳಬಲ್ಲೆ ಅನ್ನಿಸಿದ ದಿನ ಕಳಿಸು ಎಂದೆ. ಹತ್ತು ದಿನ ಬಿಟ್ಟು, ಬ್ಯಾಂಕಿನಲ್ಲಿದ್ದ ಗನ್ನಿನ ಫೋಟೋ ತೆಗೆದು ಕಳಿಸಿದ. ಜೊತೆಗೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಬಂದದ್ದು ಒಂದೇ ಸಾಲು: "ಯಾವ ಲೆವೆಲ್‌ದು ಮಾರಾಯ?"

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ದೀಪಾವಳಿ ಹೊತ್ತಿಗೆ ಒಂದು ರಾತ್ರಿ ಮತ್ತೆ ನಾಲ್ಕು ಗಂಟೆಯವರೆಗೆ ಸ್ಕಾರ್ಚ್ ಹಿಂದೆ ಹೋಗಿದ್ದ, ಮಾರನೇ ದಿನ ಅವನೇ ಹೇಳಿದ. ಎರಡರಲ್ಲಿ ಒಂದು ಸಬ್ಜೆಕ್ಟ್ ಪಾಸಾಗಿದೆ. ದೊಡ್ಡವರ ಮಾತು ಇನ್ನೂ ಬಿಟ್ಟೇ ಇದೆ, ಗೋಡೆಯೂ ಇದೆ. ಎಳ್ಳಮಾವಾಸ್ಯೆ ಜಾತ್ರೆಗೆ ಅಣ್ಣ ತೀರ್ಥಹಳ್ಳಿಗೆ ಬಂದಿದ್ದ. ಇಬ್ಬರೂ ತುಂಗಾ ಹೊಳೆ ಹತ್ತಿರ ಅರ್ಧ ದಿನ ಕೂತಿದ್ದರಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಪ್ಪನಿಗೆ ಗೊತ್ತಾಗಿದೆ, ಆದರೆ ಅವರು ಕೇಳಿಲ್ಲ.

ಹೋದ ವಾರ ಹುಡುಗನ ಭೇಟಿ ಇತ್ತು. ಬೆಳಗ್ಗೆಯೇ ಫೋನ್ ಮಾಡಿದ. "ಇವತ್ತು ಬರಕ್ಕಾಗಲ್ಲ ಮೇಡಂ. ಅಡಿಕೆ ಸುಲಿಯೋಕೆ ಜನ ಸಿಕ್ಕಿಲ್ಲ, ಅಪ್ಪ ಒಬ್ರೇ ಆಗ್ತಾರೆ. ಮುಂದಿನ ವಾರ ಬರ್ತೀನಿ."