ಸ್ಟಾರ್ ವಾರ್ಸ್ ಸಿನಿಮಾದ ಬಿಳಿ ಸೈನಿಕ ಸ್ಟಾರ್ಮ್‌ಟ್ರೂಪರ್‌ನ ಕವಚದ ಕಿಟ್‌ಗೆ ಯಾವ ಅಂಟು ಒಳ್ಳೆಯದು? ಆಮೇಲೆ ಬಾಡಿಗೆಗೆ ಕೊಟ್ಟು ಹಾಕಿದ ದುಡ್ಡು ತೆಗೆಯಬಹುದಾ?

ಅಂಟಿನ ಚಿಂತೆ ಆಮೇಲೆ ಮಾಡುವಾ. ಕುಂಬಳೆಯಲ್ಲಿದ್ದೇನೆ, ಕಿಟ್ ಮನೆಗೆ ಬಂದಾಯಿತು, ಈ ಭಾನುವಾರ ಕಾಲಿನ ತುಂಡುಗಳನ್ನು ಕತ್ತರಿಸಲು ಶುರು ಮಾಡುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಕತ್ತರಿ ಕೆಳಗಿಡಿ. ನಾನು ಬದಿಯಡ್ಕದ ಕಡೆಯವನು. ನಾನೂ ಅಂಟಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಕತ್ತರಿಸುವುದರ ಬಗ್ಗೆ ಮಾತ್ರ ಯಾರನ್ನೂ ಕೇಳಿರಲಿಲ್ಲ. ಅದರಲ್ಲಿ ಕೇಳುವುದು ಎಂತ ಉಂಟು, ಅಳತೆ ತೆಗೆದರೆ ಆಯಿತಲ್ಲ ಅಂದುಕೊಂಡಿದ್ದೆ.

ಕಿಟ್ ಅಂದ ಕೂಡಲೇ ಡಬ್ಬಿ ಬಿಚ್ಚಿ ಜೋಡಿಸುವುದು ಅನ್ನಿಸುತ್ತದೆ. ಇದು ಹಾಗಲ್ಲ. ಎಬಿಎಸ್ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಅಚ್ಚಿನ ಮೇಲೆ ಇಳಿಸಿ, ಒಳಗಿನ ಗಾಳಿ ಎಳೆದು ರೂಪ ಕೊಟ್ಟ ತುಂಡುಗಳು ಇವು. ಸುತ್ತ ಅಂಚು ಜಾಸ್ತಿ ಬಿಟ್ಟೇ ಕಳಿಸುತ್ತಾರೆ. ಎಲ್ಲಿ, ಎಷ್ಟು ಕತ್ತರಿಸಬೇಕು ಅನ್ನುವುದು ಹಾಕಿಕೊಳ್ಳುವವನ ಮೈಗೆ ಬಿಟ್ಟದ್ದು.

ನಾನು ಮಾಡಿದ್ದು ಇಷ್ಟು. ಬೆಳಿಗ್ಗೆ ಮುಂಡು ಎತ್ತಿ ಕಟ್ಟಿ ಜಗಲಿಯಲ್ಲಿ ಕೂತು, ಟೈಲರ್ ಟೇಪಿನಲ್ಲಿ ಮೀನಖಂಡ ಅಳೆದೆ. 36 ಸೆಂಟಿಮೀಟರ್ ಬಂತು. ಒಂದು ಸೆಂಟಿಮೀಟರ್ ಸಡಿಲ ಇರಲಿ ಅಂತ 37 ಮಾಡಿದೆ. ಕಣಕಾಲಿನ ಎರಡು ಅರ್ಧಗಳನ್ನು ಜೋಡಿಸಿದರೆ ಹೊರಸುತ್ತು ಸರಿಯಾಗಿ 37 ಬರುವ ಹಾಗೆ ಗೆರೆ ಎಳೆದೆ, ಕತ್ತರಿಸಿದೆ. ಎರಡೂ ಕಾಲಿಗೆ, ಒಂದೇ ಸಲ.

ಈಗ ಲೆಕ್ಕ ನೋಡಿ. ಕೂತಾಗ ಮೀನಖಂಡ ಸಡಿಲವಾಗಿರುತ್ತದೆ, ತುದಿಗಾಲಲ್ಲಿ ನಿಂತರೆ ಉಬ್ಬುತ್ತದೆ. ನಾನು ಅಳೆದದ್ದು ಬರೀ ಕಾಲನ್ನು. ಅದರ ಮೇಲೆ ಕಪ್ಪು ಒಳ ಉಡುಪು ಬರಬೇಕು, ಬೂಟಿನ ಮೇಲಂಚೂ ಬರಬೇಕು. ಹಾಳೆ ಸುಮಾರು 2 ಮಿಲಿಮೀಟರ್ ದಪ್ಪ. ಸುತ್ತು ಹಾಕಿದಾಗ ಒಳಸುತ್ತು ಹೊರಸುತ್ತಿಗಿಂತ ಒಂದೂಕಾಲು ಸೆಂಟಿಮೀಟರ್ ಕಡಿಮೆ. ಅಂದರೆ ಸಡಿಲಕ್ಕೆ ಬಿಟ್ಟದ್ದು ಅಲ್ಲಿಗೇ ಹೋಯಿತು, ಮೇಲಿಂದ ಕಾಲು ಸೆಂಟಿಮೀಟರ್ ಸಾಲ. ಇನ್ನು ಕಣಕಾಲಿನ ಹಿಂಬದಿ ಅಂಟಿಸುವ ಜಾಗ ಅಲ್ಲ. ಅಲ್ಲಿ ಬಾಯಿ ತೆರೆದು ಕಾಲು ಹಾಕಿ ವೆಲ್ಕ್ರೋ ಒತ್ತಬೇಕು. ವೆಲ್ಕ್ರೋ ಹಿಡಿಯಲು ಒಂದು ಅಂಚು ಇನ್ನೊಂದರ ಮೇಲೆ ಬರಬೇಕು. ನಾನು ಅದಕ್ಕೂ ಜಾಗ ಇಟ್ಟಿರಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದುಂಟು. ಹೆಚ್ಚಿದ್ದನ್ನೆಲ್ಲ ನಾನು ಮುಂದಿನ ಅಂಚಿನಿಂದ ತೆಗೆದಿದ್ದೆ. ಮುಂದೆ ಎರಡು ಅರ್ಧಗಳು ಅಂಚಿಗೆ ಅಂಚು ಕೂಡಿ, ಮೇಲೆ ಒಂದು ಪಟ್ಟಿ ಬರುತ್ತದೆ. ಕಾಲಿಗೆ ಮುಂದೆ 20 ಮಿಲಿಮೀಟರ್ ಪಟ್ಟಿ, ಹಿಂದೆ 25. ತೋಳಿಗೆ 15. ಮುಂದಿನ ಪಟ್ಟಿ ಕೂರಲು, ತುಂಡಿನ ಉದ್ದಕ್ಕೆ ಉಬ್ಬಿದ ಏಣಿನಿಂದ ಅಂಚಿನವರೆಗೆ ಎರಡೂ ಕಡೆ 10 ಮಿಲಿಮೀಟರ್ ಸಪಾಟು ಜಾಗ ಬೇಕು. ನನ್ನದರಲ್ಲಿ 6 ಉಳಿದಿತ್ತು. ಪಟ್ಟಿ ಏಣಿನ ಮೇಲೆ ಹತ್ತಿ ಕೂತು, ಒತ್ತಿದರೆ ಆ ಕಡೆ ಈ ಕಡೆ ವಾಲುತ್ತಿತ್ತು. ಗೊತ್ತಿದ್ದವರು ಮುಂದೆ 10 ಮಿಲಿಮೀಟರ್ ಬಿಟ್ಟು ನಿಲ್ಲಿಸುತ್ತಾರೆ, ಮೈಗೆ ಹೊಂದಿಸುವುದನ್ನೆಲ್ಲ ಹಿಂದೆ ಮಾಡುತ್ತಾರೆ. ಈ ಒಂದು ವಾಕ್ಯ ಆಗ ಯಾರಾದರೂ ಹೇಳಿದ್ದರೆ!

ಸರಿ ಮಾಡಲು ನೋಡಿದೆ. ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದರೆ ದೋಸೆ ಹಿಟ್ಟಿನ ಹದದ ಬಿಳಿ ಪೇಸ್ಟ್ ಆಗುತ್ತದೆ. ಒಳಗಿಂದ ತುಂಡು ಕೊಟ್ಟು ಅಗಲ ಮಾಡಿ, ಸಂದಿಗೆ ಈ ಪೇಸ್ಟ್ ತುಂಬಿದೆ. ಒಣಗಿದಾಗ ಕುಗ್ಗುತ್ತದೆ, ಮತ್ತೆ ತುಂಬಬೇಕು. 400ರ ಮರಳು ಕಾಗದದಲ್ಲಿ ಉಜ್ಜಿ, ಮೇಲೆ 1000ದ್ದು. ಹಗಲಿಗೆ ಚೆನ್ನಾಗಿಯೇ ಕಾಣುತ್ತಿತ್ತು. ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಪ್ರತಿ ಗೆರೆಯೂ ಎದ್ದು ಬರುತ್ತಿತ್ತು. ಕೊನೆಗೆ ಹೊಸ ಕಣಕಾಲು ತರಿಸಿದೆ. ತುಂಡಿನ ಬೆಲೆಗಿಂತ ಸಾಗಾಟ, ಕಸ್ಟಮ್ಸ್ ಎಲ್ಲ ಸೇರಿ ಜಾಸ್ತಿ ಆಯಿತು. ಆ ವರ್ಷ, ಅಭಿಮಾನಿಗಳು ವೇಷ ಹಾಕಿಕೊಂಡು ಸೇರುವ ಬೆಂಗಳೂರಿನ ಕಾಮಿಕ್ ಕಾನ್‌ಗೆ ಮಾಮೂಲಿ ಅಂಗಿ ಪ್ಯಾಂಟಿನಲ್ಲಿ ಹೋದೆ.

ದಾರಿ ತೋರಿಸಿದವರು ಯಾವ ವಿದೇಶದವರೂ ಅಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು ನೀವು, ವೇಷ ಕಟ್ಟಲು ಗೊತ್ತಿರುವವರಿಗೆ ಅಲ್ಲಿ ಬರ ಉಂಟಾ? ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕೆಲಸ ಮಾಡಿದ ಹಿರಿಯರೊಬ್ಬರು ಅಪ್ಪನನ್ನು ನೋಡಲು ಮನೆಗೆ ಬಂದಿದ್ದರು. ನನ್ನ ಎದೆಯ ತುಂಡನ್ನು ಬೆರಳಲ್ಲಿ ಬಡಿದು ನೋಡಿ, "ಮಾರಾಯ, ನೀನು ಬರೀ ಮೈಗೆ ಆಭರಣ ಅಳೀತಾ ಇದ್ದೀಯಲ್ಲ. ಮೊದಲು ಮೈ ಕಟ್ಟಬೇಕು. ಬಟ್ಟೆ ಸುತ್ತಿ, ಬಿಗಿದು, ನಾಲ್ಕು ಹೆಜ್ಜೆ ಹಾಕಿಸಿ, ಆಮೇಲೆ ಮೇಲಿಂದ ಕಟ್ಟುವುದು" ಅಂದರು.

ಅದೇ ಸರಿ. ಮೊದಲು ಒಳ ಉಡುಪು, ಬೂಟು, ಬೆಲ್ಟು ಎಲ್ಲ ಹಾಕಿಕೊಳ್ಳಿ. ಏನನ್ನೂ ಪೂರ್ತಿ ಕತ್ತರಿಸದೆ, ದೊಡ್ಡ ಅಂಚು ಮಾತ್ರ ತೆಗೆದು, ಬಣ್ಣ ಬಳಿಯುವವರು ಹಚ್ಚುವ ಮಾಸ್ಕಿಂಗ್ ಟೇಪಿನಲ್ಲಿ ಇಡೀ ಕವಚವನ್ನು ಮೈಮೇಲೆ ಜೋಡಿಸಿ. ಒಬ್ಬರಿಂದ ಆಗದು, ತಮ್ಮನನ್ನೋ ಗೆಳೆಯನನ್ನೋ ಕರೆಯಿರಿ. ನಡೆಯಿರಿ, ಮೆಟ್ಟಿಲು ಹತ್ತಿ, ಕೂರಲು ನೋಡಿ. (ಕೂರಲು ಆಗುವುದಿಲ್ಲ. ಅದು ಮಾಮೂಲು.) ಎಲ್ಲಿ ಚುಚ್ಚುತ್ತದೆ, ಎಲ್ಲಿ ಒಂದಕ್ಕೊಂದು ಬಡಿಯುತ್ತದೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ತೊಡೆಯ ತುಂಡು ಉದ್ದ ಆದರೆ ಮೇಲಿಂದ ಕತ್ತರಿಸಿ, ಕೆಳಗಿನ ಏಣು ಮುಟ್ಟಬೇಡಿ. ಒಂದು ಸಲಕ್ಕೆ ಎರಡೋ ಮೂರೋ ಮಿಲಿಮೀಟರ್ ಸಾಕು. ನೇರ ಗೆರೆಗೆ ಕಟ್ಟರ್‌ನಲ್ಲಿ ಗೀರಿ ಬಗ್ಗಿಸಿದರೆ ಚಟ್ ಅಂತ ಮುರಿಯುತ್ತದೆ. ತಿರುವಿಗೆ ಲೆಕ್ಸಾನ್ ಕತ್ತರಿ, ಅಂದರೆ ಪ್ಲಾಸ್ಟಿಕ್ ಕತ್ತರಿಸುವ ಬಾಗಿದ ಮೂತಿಯ ಚಿಕ್ಕ ಕತ್ತರಿ, ಬೇಕು.

ಅಂಟು ಕೇಳಿದ್ದಿರಲ್ಲ. ಇ6000. ಒಣಗಿದ ಮೇಲೂ ರಬ್ಬರಿನ ಹಾಗೆ ಬಗ್ಗುತ್ತದೆ, ಬೇಡ ಅನಿಸಿದರೆ ಸುಲಿದು ತೆಗೆಯಬಹುದು. ತಟ್ಟನೆ ಹಿಡಿಯುವ ಅಂಟು ಗಟ್ಟಿಯಾಗಿ ನಿಂತು, ಪ್ಲಾಸ್ಟಿಕ್ ಬಗ್ಗಿದ ಕೂಡಲೇ ಬಿಡುತ್ತದೆ. ಕ್ಲಾಂಪು, ಅಯಸ್ಕಾಂತ ಹಾಕಿ 24 ಗಂಟೆ ಮುಟ್ಟಬೇಡಿ. ಪೂರ್ತಿ ಬಲ ಬರಲು 72 ಗಂಟೆಯಾದರೂ ಬೇಕು. ಅಂಟಿನ ಆವಿ ಒಳ್ಳೆಯದಲ್ಲ, ಜಗಲಿಯಲ್ಲೇ ಮಾಡಿ. ಅಂಟಿಸುವ ಮೊದಲು ಎರಡು ಅರ್ಧಗಳು ಒತ್ತಾಯ ಇಲ್ಲದೆ ಒಂದಕ್ಕೊಂದು ತಾಗಿ ನಿಲ್ಲುತ್ತವಾ ನೋಡಿ. ಬಾಯಿ ಅಗಲಿಸಿಕೊಂಡು ನಿಂತರೆ ಬಚ್ಚಲ ಹಂಡೆಯಿಂದ ಕುದಿನೀರು ಮೊಗೆದು, ಅಂಚನ್ನಷ್ಟೇ ಅದ್ದಿ, ಮೆಲ್ಲನೆ ಬಗ್ಗಿಸಿ ತಣ್ಣೀರಿಗೆ ಹಿಡಿಯಿರಿ. ಇಡೀ ತುಂಡು ಮುಳುಗಿಸಿದರೆ ಆಕಾರವೇ ಹೋಗಬಹುದು.

ಒಣಗಲಿ ಅಂತ ಅಂಗಳದಲ್ಲಿ ಅಡಿಕೆಯ ಪಕ್ಕ ಬಿಸಿಲಿಗೆ ಇಡಬೇಡಿ. ಬಿಸಿಲು ಬಿದ್ದಷ್ಟೂ ಎಬಿಎಸ್ ಹಳದಿ ತಿರುಗುತ್ತದೆ. ಶಿರಸ್ತ್ರಾಣದೊಳಗೆ ಚಿಕ್ಕ ಫ್ಯಾನ್ ಹಾಕಲೇಬೇಕು, ಪವರ್ ಬ್ಯಾಂಕಿನಲ್ಲಿ ಓಡುವ 5 ವೋಲ್ಟಿನದು ಸಾಕು. ನಮ್ಮ ಕರಾವಳಿಯ ಸೆಕೆಗೆ ಗಾಜು ಮಂಜಾಗಿ ಎದುರಿಗಿರುವವರು ಕಾಣುವುದಿಲ್ಲ. ಮೊದಲ ಸಲ ಪೂರ್ತಿ ಹಾಕಿಕೊಂಡು ಗೇಟಿನ ತನಕ ಹೋದಾಗ ಪಕ್ಕದ ಮನೆಯ ಅಜ್ಜಿ, "ಯಾವ ಮೇಳ ಸೇರಿದೆ?" ಅಂತ ಕೇಳಿದರಂತೆ. ನನಗೆ ಕೇಳಿಸಲೂ ಇಲ್ಲ.

ಇನ್ನು ಬಾಡಿಗೆ. ಅದನ್ನು ತಲೆಯಿಂದ ತೆಗೆದುಬಿಡಿ. 501ನೇ ಲೀಜನ್ ಅಂತ ಒಂದು ಕೂಟ ಉಂಟು, 1997ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಇಂಥ ವೇಷ ಮಾಡಿಕೊಂಡವರು ಅದರಲ್ಲಿ ಸೇರಿ ಆಸ್ಪತ್ರೆಯ ಮಕ್ಕಳನ್ನು ನೋಡಲು ಹೋಗುತ್ತಾರೆ, ಒಳ್ಳೆಯ ಕೆಲಸಕ್ಕೆ ದುಡ್ಡು ಎತ್ತುತ್ತಾರೆ, ತಮಗೆ ಅಂತ ಸಂಭಾವನೆ ತೆಗೆದುಕೊಳ್ಳುವುದಿಲ್ಲ. ಮುಂದೆ ಅಲ್ಲಿಗೆ ಸೇರುವ ಮನಸ್ಸಿದ್ದರೆ ಬಾಡಿಗೆ ವ್ಯವಹಾರ ಹೊಂದುವುದಿಲ್ಲ. ಅದು ಬೇಡ ಅಂದರೂ ಲೆಕ್ಕ ಕೂಡುವುದಿಲ್ಲ. ಯಕ್ಷಗಾನದ ವೇಷ ಬಾಡಿಗೆಗೆ ಹೋಗುವುದು ಯಾಕೆ ಹೇಳಿ? ಅಲ್ಲಿ ಎಲ್ಲವೂ ದಾರದ ಕಟ್ಟು. ಸಪೂರದವನಿಗೆ ಬಟ್ಟೆ ಜಾಸ್ತಿ ಸುತ್ತುತ್ತಾರೆ, ದಪ್ಪದವನಿಗೆ ದಾರ ಸಡಿಲ ಬಿಡುತ್ತಾರೆ. ನಿಮ್ಮ ಕಾಲಿನ ಅಳತೆಗೆ ಕತ್ತರಿಸಿದ ಪ್ಲಾಸ್ಟಿಕ್ ಇನ್ನೊಬ್ಬನಿಗೆ ಆಗುವುದು ಹೇಗೆ? ನಿಮಗೇ ಎಷ್ಟು ಕಾಲ ಆಗುತ್ತದೋ ನೋಡಿ. ನನ್ನ ಎದೆ ಬೆನ್ನಿನ ತುಂಡುಗಳ ನಡುವೆ, ಪಕ್ಕೆಯಲ್ಲಿ, ಈಗಾಗಲೇ ನಾಲ್ಕು ಬೆರಳು ಅಗಲದ ಪಟ್ಟಿ ಸೇರಿಸಿಯಾಗಿದೆ. ಕತ್ತರಿಸಿದ ಚೂರುಗಳನ್ನು ಬಿಸಾಡಬೇಡಿ ಅಂತ ಹೇಳುವುದು ಅದಕ್ಕೇ.