ಗೆದ್ದವರ ಕಪ್ ಮಾಡೋದಾದರೆ ಮೊದಲು ತಾರೀಖು, ಆಮೇಲೆ ಟ್ರೋಫಿ

ಈ ಗುಂಪಿನಲ್ಲಿ ಅರಕಲಗೂಡಿನ ಅಣ್ಣನವರು ಹಾಕಿದ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಅವರು ಕೇಳಿದ್ದು ಇಷ್ಟು: ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲಿ ಫುಟ್‌ಬಾಲ್ ಟೂರ್ನಿ ಗೆದ್ದ ತಂಡಗಳನ್ನು ಒಂದೇ ಕಡೆ ಸೇರಿಸಿ, ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾ ಬೇರೆ ಬೇರೆ ಖಂಡಗಳ ಚಾಂಪಿಯನ್ ದೇಶಗಳನ್ನು ಸೇರಿಸಿ ನಡೆಸುತ್ತಿದ್ದ ಕಾನ್ಫೆಡರೇಷನ್ಸ್ ಕಪ್ ತರಹ ಒಂದು ಕಪ್ ಮಾಡಬಹುದಾ? ಮಾಡಿದರೆ ಹೇಗೆ?

ಮಾಡಬಹುದು. ಖಂಡಿತ ಮಾಡೋಣ. ಈಗಾಗಲೇ ಕೆಲವರು ಟ್ರೋಫಿ ಎಷ್ಟು ಎತ್ತರ ಇರಬೇಕು, ಜೆರ್ಸಿ ಯಾರು ಕೊಡಿಸುತ್ತಾರೆ ಅಂತ ಬರೆದಿದ್ದಾರೆ. ಅದೆಲ್ಲ ಆಮೇಲೆ ಆಗುತ್ತೆ. ಆ ದೊಡ್ಡ ಕಪ್ ಯಾಕೆ ನಿಂತುಹೋಯಿತು ಅನ್ನುವುದನ್ನು ಮೊದಲು ನೋಡೋಣ. ಅದು ಗೊತ್ತಾದರೆ ನಮ್ಮ ಸಣ್ಣ ಕಪ್ ಒಂದೇ ವರ್ಷಕ್ಕೆ ನಿಲ್ಲುವುದಿಲ್ಲ.

ಅದು ಶುರುವಾಗಿದ್ದು 1992ರಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಆಗ ಅದರ ಹೆಸರು ಕಿಂಗ್ ಫಹದ್ ಕಪ್. ಬಂದಿದ್ದು ನಾಲ್ಕೇ ತಂಡ. ಫೈನಲ್‌ನಲ್ಲಿ ಅರ್ಜೆಂಟೀನಾ ಸೌದಿಯನ್ನು 3-1ರಿಂದ ಸೋಲಿಸಿತು. 1995ರಲ್ಲಿ ಆರು ತಂಡ, ಗೆದ್ದಿದ್ದು ಡೆನ್ಮಾರ್ಕ್. 1997ರಿಂದ ಫಿಫಾ ಕೈಗೆ ಬಂತು, ತಂಡಗಳು ಎಂಟಾದವು. ಆರು ಖಂಡ ಒಕ್ಕೂಟಗಳ ಚಾಂಪಿಯನ್‌ಗಳು, ವಿಶ್ವಕಪ್ ಗೆದ್ದ ತಂಡ, ಮತ್ತೆ ಆತಿಥ್ಯ ವಹಿಸಿದ ದೇಶ. 2005ರ ತನಕ ಎರಡು ವರ್ಷಕ್ಕೊಮ್ಮೆ ನಡೆಯಿತು, ಆಮೇಲೆ ನಾಲ್ಕು ವರ್ಷಕ್ಕೊಮ್ಮೆ. ಕೊನೆಯದು 2017ರಲ್ಲಿ ರಷ್ಯಾದಲ್ಲಿ. 2019ರ ಮಾರ್ಚ್‌ನಲ್ಲಿ ಫಿಫಾ ಅದನ್ನು ಕೈಬಿಟ್ಟಿತು.

ಆಟ ಚೆನ್ನಾಗಿರಲಿಲ್ಲ ಅಂತ ನಿಂತಿದ್ದಲ್ಲ. 1999ರ ಫೈನಲ್‌ನಲ್ಲಿ ಮೆಕ್ಸಿಕೊ ತನ್ನದೇ ಅಜ್ಟೆಕಾ ಮೈದಾನದಲ್ಲಿ ಬ್ರೆಜಿಲ್ ಅನ್ನು 4-3ರಿಂದ ಸೋಲಿಸಿದ್ದು ಇದೇ ಕಪ್‌ನಲ್ಲಿ. ನಿಂತಿದ್ದಕ್ಕೆ ದೊಡ್ಡ ಕಾರಣ ತಾರೀಖು. ಯುರೋಪಿನ ಆಟಗಾರರು ಇಡೀ ವರ್ಷ ಕ್ಲಬ್‌ಗೆ ಆಡಿ ಸುಸ್ತಾಗಿರುತ್ತಾರೆ. ಜೂನ್ ಬಂದರೆ ವಿಶ್ರಾಂತಿ ಬೇಕು. ಹೆಚ್ಚು ಸಲ ಆಗಲೇ ಈ ಕಪ್. ಹಾಗಾಗಿ ಕರೆದರೂ ಎಲ್ಲರೂ ಬರುತ್ತಿರಲಿಲ್ಲ. 1997ರಲ್ಲಿ ಯುರೋಪ್ ಚಾಂಪಿಯನ್ ಜರ್ಮನಿ ಬರಲಿಲ್ಲ, ಬದಲಿಗೆ ಜೆಕ್ ತಂಡ ಬಂತು. 1999ರಲ್ಲಿ ವಿಶ್ವ ಚಾಂಪಿಯನ್ ಫ್ರಾನ್ಸೇ ಬರಲಿಲ್ಲ. 2017ರಲ್ಲಿ ಜರ್ಮನಿ ದೊಡ್ಡ ಆಟಗಾರರಿಗೆ ರಜೆ ಕೊಟ್ಟು ಹುಡುಗರ ತಂಡ ಕಳಿಸಿತು. ಆ ಹುಡುಗರೇ ಚಿಲಿಯನ್ನು 1-0ರಿಂದ ಸೋಲಿಸಿ ಕಪ್ ಎತ್ತಿದರು, ಅದು ಬೇರೆ ಮಾತು. 2021ರದ್ದು ಕತಾರ್‌ನಲ್ಲಿ ಆಗಬೇಕಿತ್ತು. ಜೂನ್ ತಿಂಗಳ ಅಲ್ಲಿನ ಬಿಸಿಲಲ್ಲಿ ಆಡುವ ಹಾಗಿಲ್ಲ. ಬೇರೆ ತಿಂಗಳಿಗೆ ಹಾಕಿದರೆ ಕ್ಲಬ್‌ಗಳು ಆಟಗಾರರನ್ನು ಬಿಡುವುದಿಲ್ಲ. ಕೊನೆಗೆ ತಾರೀಖೇ ಸಿಗಲಿಲ್ಲ.

ನಮ್ಮಲ್ಲೂ ಇದೇ ಕಷ್ಟ ಬರುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತಂಡಗಳಲ್ಲಿ ಅರ್ಧ ಜನ ತೋಟದ ಕೆಲಸದವರು ಅಥವಾ ತೋಟ ಇರುವ ಮನೆಯವರು. ನವೆಂಬರ್‌ನಿಂದ ಅರೇಬಿಕಾ ಕೊಯ್ಲು. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಫೆಬ್ರವರಿ ಕಳೆಯುವ ತನಕ ಅವರನ್ನು ಕರೆಯಲೇಬೇಡಿ. ಬಂದರೂ ಮನಸ್ಸು ಕಣದಲ್ಲಿ ಒಣಗುತ್ತಿರುವ ಕಾಫಿ ಮೇಲೆ ಇರುತ್ತೆ. ಮಾರ್ಚ್‌ನಲ್ಲಿ ಪರೀಕ್ಷೆ, ಕಾಲೇಜು ಹುಡುಗರು ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮಳೆಯಲ್ಲಿ ಆಡುವ ಖುಷಿ ನನಗೂ ಗೊತ್ತು. ಆದರೆ ಅರಸೀಕೆರೆ, ಚನ್ನರಾಯಪಟ್ಟಣದಿಂದ ಬಂದವರನ್ನು ಕೆಸರಲ್ಲಿ ಆಡಿಸಿ ನಾವು ಗೆದ್ದರೆ ಅದು ನ್ಯಾಯ ಅಲ್ಲ.

ನನ್ನ ಪ್ರಕಾರ ಉಳಿಯುವುದು ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರ. ಪರೀಕ್ಷೆ ಮುಗಿದಿರುತ್ತೆ, ಕೊಯ್ಲು ಮುಗಿದಿರುತ್ತೆ. ಬೇಲೂರು ಚೆನ್ನಕೇಶವನ ತೇರು ಆ ವರ್ಷ ಯಾವ ದಿನ ಬಿದ್ದಿದೆ ನೋಡಿಕೊಂಡು ಆ ವಾರ ಬಿಡಿ. ಪಂದ್ಯಗಳನ್ನು ಬೆಳಿಗ್ಗೆ 7ಕ್ಕೇ ಶುರು ಮಾಡಿ 11ರ ಒಳಗೆ ಮುಗಿಸಿ. ಆ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬರುತ್ತೆ, ತೆರೆದ ಮೈದಾನದಲ್ಲಿ ಸಿಡಿಲಿನ ಭಯ. ಜೊತೆಗೆ ಸಂಜೆ ಐಪಿಎಲ್ ಇರುತ್ತೆ, ಜನ ಬರುವುದಿಲ್ಲ.

ಈಗ ಯಾರನ್ನು ಕರೆಯುವುದು ಅನ್ನುವ ಪ್ರಶ್ನೆ. ಜಗಳ ಹುಟ್ಟುವುದೇ ಇಲ್ಲಿ. ಹಾಸನ, ಆಲೂರು, ಅರಕಲಗೂಡು, ಅರಸೀಕೆರೆ, ಬೇಲೂರು, ಚನ್ನರಾಯಪಟ್ಟಣ, ಹೊಳೆನರಸೀಪುರ, ಸಕಲೇಶಪುರ. ಎಂಟು ತಾಲ್ಲೂಕು, ಎಂಟು ತಂಡ. ನಮ್ಮ ಅದೃಷ್ಟ, ಲೆಕ್ಕ ಸರಿಯಾಗಿ ಕೂತಿದೆ. ಆದರೆ ಒಂದು ತಾಲ್ಲೂಕಿನಲ್ಲಿ ಎರಡು ಮೂರು ಟೂರ್ನಿ ನಡೆದಿದ್ದರೆ ಯಾವುದು ಲೆಕ್ಕಕ್ಕೆ? ಒಂದೇ ತಂಡ ಎರಡು ಕಡೆ ಗೆದ್ದಿದ್ದರೆ? ಕಾನ್ಫೆಡರೇಷನ್ಸ್ ಕಪ್‌ನಲ್ಲಿ ಇದಕ್ಕೆ ದಾರಿ ಇತ್ತು. 2005ರಲ್ಲಿ ಬ್ರೆಜಿಲ್ ವಿಶ್ವಕಪ್ಪನ್ನೂ ಗೆದ್ದಿತ್ತು, ದಕ್ಷಿಣ ಅಮೆರಿಕದ ದೇಶಗಳ ಟೂರ್ನಿಯಾದ ಕೋಪಾ ಅಮೆರಿಕವನ್ನೂ ಗೆದ್ದಿತ್ತು. ಹಾಗಾಗಿ ಕೋಪಾದಲ್ಲಿ ಎರಡನೇ ಸ್ಥಾನ ಬಂದ ಅರ್ಜೆಂಟೀನಾ ಒಳಗೆ ಬಂತು. ಅವರಿಬ್ಬರೇ ಫೈನಲ್ ಆಡಿದರು, ಬ್ರೆಜಿಲ್ 4-1ರಿಂದ ಗೆದ್ದಿತು. 2013ರಲ್ಲಿ ಸ್ಪೇನ್ ಹತ್ತಿರ ವಿಶ್ವಕಪ್, ಯುರೋಪ್ ದೇಶಗಳ ಯುರೋ ಕಪ್ ಎರಡೂ ಇತ್ತು, ಆಗ ಯುರೋದಲ್ಲಿ ಎರಡನೇ ಸ್ಥಾನ ಬಂದ ಇಟಲಿಗೆ ಜಾಗ ಸಿಕ್ಕಿತು. ನಾವೂ ಹಾಗೇ ಮಾಡೋಣ. ಯಾವ ಟೂರ್ನಿ ಲೆಕ್ಕಕ್ಕೆ ಅಂತ ವರ್ಷದ ಮೊದಲೇ ಹೇಳಬೇಕು. ಎರಡು ಕಡೆ ಗೆದ್ದರೆ ರನ್ನರ್ ಅಪ್ ಬರುತ್ತಾರೆ ಅಂತ ಬರೆದಿಡಬೇಕು. ಬರುವುದಿಲ್ಲ ಅನ್ನುವ ತಂಡ ಒಂದು ತಿಂಗಳು ಮುಂಚೆ ಹೇಳಬೇಕು.

ಹೊರಗಿನ ಆಟಗಾರರ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಬೆಂಗಳೂರಿನಿಂದ, ಕೇರಳದಿಂದ ದುಡ್ಡು ಕೊಟ್ಟು ಆಟಗಾರರನ್ನು ಕರೆಸುವುದು ನಮ್ಮ ಕಡೆ ಮಾಮೂಲಿ. ಬೇರೆ ಟೂರ್ನಿಯಲ್ಲಿ ಮಾಡಿಕೊಳ್ಳಲಿ, ಇದರಲ್ಲಿ ಬೇಡ. ದೇಶದ ತಂಡಗಳ ಕಪ್‌ನ ರುಚಿಯೇ ಅದು. ಬ್ರೆಜಿಲ್‌ಗೆ ಗೋಲ್‌ಕೀಪರ್ ಬೇಕು ಅಂತ ಇಟಲಿಯಿಂದ ತರುವ ಹಾಗಿಲ್ಲ. ತಾಲ್ಲೂಕು ಕಪ್‌ನಲ್ಲಿ ಯಾರು ಆಡಿ ಗೆದ್ದರೋ ಅವರ ಪಟ್ಟಿಯೇ ಇಲ್ಲಿಗೂ. ಗಾಯ ಆದರೆ ಇಬ್ಬರು ಮೂವರನ್ನು ಬದಲಿಸಬಹುದು, ಅವರೂ ಅದೇ ತಾಲ್ಲೂಕಿನವರೇ ಆಗಿರಬೇಕು. ಆಧಾರ್ ನೋಡಿ ಪಟ್ಟಿ ಮುಚ್ಚಿಬಿಡಿ. ಬಹುಮಾನದ ದುಡ್ಡು ಕಡಿಮೆ ಇಟ್ಟು ಬಸ್ಸು ಖರ್ಚು, ತಿಂಡಿ ಖರ್ಚು ಎಲ್ಲ ತಂಡಕ್ಕೂ ಕೊಡಿ. ದೊಡ್ಡ ಬಹುಮಾನ ಇಟ್ಟರೆ ಬಾಡಿಗೆ ಆಟಗಾರರು ತಾನಾಗಿಯೇ ಬರುತ್ತಾರೆ.

ಪಂದ್ಯಗಳ ಜೋಡಣೆ ಸುಲಭ. ನಾಲ್ಕು ನಾಲ್ಕು ತಂಡದ ಎರಡು ಗುಂಪು. ಗುಂಪಿನಲ್ಲಿ 12 ಪಂದ್ಯ, ಎರಡು ಸೆಮಿಫೈನಲ್, ಮೂರನೇ ಸ್ಥಾನಕ್ಕೆ ಒಂದು, ಫೈನಲ್ ಒಂದು. ಒಟ್ಟು 16. ಫಿಫಾ ಮಾಡುತ್ತಿದ್ದದ್ದೂ ಇಷ್ಟೇ. ಏಳೇಳು ಜನರ ಆಟ, 25 ನಿಮಿಷದ ಎರಡು ಅವಧಿ ಆದರೆ ಒಂದು ಬೆಳಿಗ್ಗೆಗೆ ನಾಲ್ಕು ಪಂದ್ಯ ಆರಾಮಾಗಿ ಆಗುತ್ತೆ. ಮೊದಲ ಶನಿವಾರ, ಭಾನುವಾರ ಎರಡೂ ದಿನ ಎಲ್ಲ ತಂಡಕ್ಕೂ ಒಂದೊಂದು ಪಂದ್ಯ. ಮುಂದಿನ ಶನಿವಾರ ಮೂರನೇ ಸುತ್ತು, ಭಾನುವಾರ ಸೆಮಿಫೈನಲ್. ಫೈನಲ್ ಮೂರನೇ ಭಾನುವಾರ.

ಬೆಳಿಗ್ಗೆ ಸೆಮಿಫೈನಲ್, ಮಧ್ಯಾಹ್ನ ಫೈನಲ್ ಮಾಡಿ ಒಂದೇ ದಿನ ಮುಗಿಸೋಣ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ದಯವಿಟ್ಟು ಬೇಡ. 2013ರಲ್ಲಿ ಸ್ಪೇನ್ ಮತ್ತು ಇಟಲಿಯ ಸೆಮಿಫೈನಲ್ 120 ನಿಮಿಷ ಗೋಲಿಲ್ಲದೆ ನಡೆದು, ಪೆನಾಲ್ಟಿಯಲ್ಲಿ 7-6ಕ್ಕೆ ಮುಗಿಯಿತು. ಬ್ರೆಜಿಲ್ ಅದರ ಹಿಂದಿನ ದಿನವೇ 90 ನಿಮಿಷದಲ್ಲಿ ತನ್ನ ಸೆಮಿಫೈನಲ್ ಮುಗಿಸಿತ್ತು. ಫೈನಲ್‌ನಲ್ಲಿ ಬ್ರೆಜಿಲ್ 3-0ರಿಂದ ಗೆದ್ದಿತು. ಬ್ರೆಜಿಲ್ ಆಡಿದ್ದೂ ಚೆನ್ನಾಗಿತ್ತು. ಆದರೂ ಒಂದು ದಿನದ ವಿಶ್ರಾಂತಿಗೆ ಬೆಲೆ ಇದೆ, ಅಲ್ವಾ? ನಮ್ಮಲ್ಲಿ ಹೆಚ್ಚುವರಿ ಸಮಯವೂ ಬೇಡ. ಸಮ ಆದರೆ ನೇರ ಪೆನಾಲ್ಟಿ.

ಅಂಕ ಸಮ ಆದಾಗ ಏನು ಮಾಡುವುದು ಅನ್ನುವುದನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಅಚ್ಚು ಹಾಕಿಸಿ ಎಂಟು ಮ್ಯಾನೇಜರ್‌ಗಳ ಸಹಿ ತಗೊಳ್ಳಿ. ಇದು ಸಣ್ಣ ವಿಷಯ ಅನ್ನಿಸಬಹುದು. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಏನಾಯಿತು ನೋಡಿ. ಅಮೆರಿಕ ಮೊದಲ ಪಂದ್ಯ ಇಟಲಿಗೆ 3-1ರಿಂದ ಸೋತಿತು, ಎರಡನೆಯದು ಬ್ರೆಜಿಲ್‌ಗೆ 3-0ರಿಂದ ಸೋತಿತು. ಮನೆಗೆ ಹೋಗುವುದೇ ಸೈ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಈಜಿಪ್ಟ್ ಇಟಲಿಯನ್ನು 1-0ರಿಂದ ಸೋಲಿಸಿತ್ತು. ಕೊನೆಯ ದಿನ ಅಮೆರಿಕ ಈಜಿಪ್ಟ್ ಮೇಲೆ 3-0ರಿಂದ ಗೆದ್ದಿತು. ಅದೇ ಹೊತ್ತಿಗೆ ಬ್ರೆಜಿಲ್ ಇಟಲಿಗೆ ಮೂರು ಗೋಲು ಹೊಡೆಯಿತು. ಮೂರು ತಂಡಕ್ಕೂ ಮೂರು ಮೂರು ಅಂಕ. ಅಮೆರಿಕ, ಇಟಲಿ ಎರಡರ ಗೋಲು ವ್ಯತ್ಯಾಸವೂ ಒಂದೇ, ಮೈನಸ್ ಎರಡು. ಅಮೆರಿಕ ಹೊಡೆದಿದ್ದು ನಾಲ್ಕು ಗೋಲು, ಇಟಲಿ ಮೂರು. ಆ ಒಂದು ಗೋಲಿನಿಂದ ಅಮೆರಿಕ ಸೆಮಿಫೈನಲ್‌ಗೆ ಹೋಯಿತು. ಅಲ್ಲಿ 35 ಪಂದ್ಯ ಸೋಲದೆ ಬಂದಿದ್ದ ಸ್ಪೇನ್ ಅನ್ನು 2-0ರಿಂದ ಸೋಲಿಸಿತು. ಫೈನಲ್‌ನಲ್ಲೂ ಮಧ್ಯಂತರಕ್ಕೆ ಬ್ರೆಜಿಲ್ ಮೇಲೆ 2-0 ಮುಂದಿತ್ತು, ಕೊನೆಗೆ 3-2ರಿಂದ ಸೋತಿತು. ಆ ನಿಯಮ ಮೊದಲೇ ಬರೆದಿರದೇ ಇದ್ದಿದ್ದರೆ? ನಮ್ಮ ಮೈದಾನದಲ್ಲಿ ಇಂಥದ್ದು ಆದರೆ ಬೈಕ್‌ಗಳು ಒಳಗೆ ನುಗ್ಗುತ್ತವೆ. ಮೊದಲು ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು, ಆಮೇಲೆ ಪರಸ್ಪರ ಪಂದ್ಯ, ಅದೂ ಸಮ ಆದರೆ ಚೀಟಿ. ಮತ್ತೊಂದು ಮಾತು, ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ನಡೆಯಬೇಕು. ಅದಕ್ಕೆ ಆ ಒಂದು ಶನಿವಾರ ಹತ್ತಿರದ ಶಾಲೆಯ ಮೈದಾನವನ್ನೂ ಕೇಳಿಟ್ಟುಕೊಳ್ಳಿ.

ರೆಫರಿ ಆಡುವ ಎರಡೂ ತಾಲ್ಲೂಕಿನವರಾಗಿರಬಾರದು. ಮೊಬೈಲ್ ವಿಡಿಯೊ ತೋರಿಸಿ ತೀರ್ಪು ಬದಲಿಸುವುದು ಬೇಡ. 2017ರ ಫೈನಲ್‌ನಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ ಇತ್ತು. ಚಿಲಿಯ ಗೊಂಜಾಲೊ ಹಾರಾ ಜರ್ಮನಿಯ ಟಿಮೊ ವೆರ್ನರ್ ಮುಖಕ್ಕೆ ಮೊಣಕೈ ಹಾಕಿದ್ದನ್ನು ರೆಫರಿ ಪರದೆಯಲ್ಲಿ ನೋಡಿದ ಮೇಲೂ ಹಳದಿ ಕಾರ್ಡ್ ಮಾತ್ರ ಕೊಟ್ಟರು. ಅಷ್ಟು ಕ್ಯಾಮೆರಾ ಇದ್ದೂ ವಾದ ಮುಗಿಯಲಿಲ್ಲ.

ಈಗ ಹೇಳುವುದನ್ನು ಮಾತ್ರ ಯಾರೂ ಬಿಟ್ಟು ಓದಬೇಡಿ. 2003ರ ಜೂನ್ 26. ಫ್ರಾನ್ಸ್‌ನ ಲಿಯಾನ್‌ನಲ್ಲಿ ಕ್ಯಾಮರೂನ್ ಮತ್ತು ಕೊಲಂಬಿಯಾ ನಡುವೆ ಸೆಮಿಫೈನಲ್. 72ನೇ ನಿಮಿಷದಲ್ಲಿ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೊ ಮೈದಾನದ ಮಧ್ಯದ ವೃತ್ತದಲ್ಲಿ ಕುಸಿದರು. ಹತ್ತಿರ ಯಾರೂ ಇರಲಿಲ್ಲ, ಯಾರೂ ತಾಗಿರಲಿಲ್ಲ. ಉಳಿಯಲಿಲ್ಲ. ವಯಸ್ಸು 28. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಅವರಿಗಿತ್ತು ಅಂತ ಆಮೇಲೆ ತಿಳಿಯಿತು. ಆಟಗಾರರ ಹೃದಯ ತಪಾಸಣೆ, ಮೈದಾನದಲ್ಲಿ ತುರ್ತು ಚಿಕಿತ್ಸೆ ಎರಡಕ್ಕೂ ಫುಟ್‌ಬಾಲ್‌ನವರು ಹೆಚ್ಚು ಗಮನ ಕೊಡಲು ಆ ಸಾವು ಒಂದು ದೊಡ್ಡ ಕಾರಣ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ನಾವೆಲ್ಲ ಎಷ್ಟು ಹೆದರಿದ್ದೆವು, ಸರ್ಕಾರ ತಜ್ಞರ ಸಮಿತಿಯನ್ನೇ ಮಾಡಿತು. ಹೆದರಿ ಆಟ ನಿಲ್ಲಿಸುವುದು ಬೇಡ, ತಯಾರಿ ಮಾಡಿಕೊಳ್ಳೋಣ. ಓಡುವಾಗ ತಲೆ ಸುತ್ತಿ ಬಿದ್ದವರು, ಎದೆ ನೋವು ಬಂದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹಠಾತ್ ತೀರಿಕೊಂಡವರು ಇರುವವರು ಇಸಿಜಿ ಮಾಡಿಸಿ ವೈದ್ಯರನ್ನು ಕಂಡ ಮೇಲೆಯೇ ಆಡಲಿ. ಜ್ವರ ಇದ್ದವರನ್ನು ಆಡಿಸಲೇಬೇಡಿ, ಎಷ್ಟೇ ಒಳ್ಳೆ ಆಟಗಾರ ಆಗಿರಲಿ. ಮೈದಾನಕ್ಕೆ ಆಂಬುಲೆನ್ಸ್ ಬರುವ ದಾರಿಯಲ್ಲಿ ಒಂದು ಬೈಕನ್ನೂ ನಿಲ್ಲಿಸಲು ಬಿಡಬೇಡಿ. ಪ್ರತಿ ತಂಡದಲ್ಲಿ ಇಬ್ಬರಾದರೂ ಎದೆ ಒತ್ತುವುದನ್ನು ಕಲಿತಿರಬೇಕು. ಯಾರೂ ತಾಗದೆ ಆಟಗಾರ ಕುಸಿದು, ಕರೆದರೆ ಮಾತಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ ನೀರು ಚಿಮುಕಿಸುತ್ತಾ ನಿಲ್ಲಬೇಡಿ. ಒಬ್ಬರು 108ಕ್ಕೆ ಕರೆ ಮಾಡಿ. ಇನ್ನೊಬ್ಬರು ಎದೆಯ ಮಧ್ಯೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ ಒತ್ತಿ. ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಹೃದಯಕ್ಕೆ ವಿದ್ಯುತ್ ಶಾಕ್ ಕೊಟ್ಟು ಬಡಿತ ಸರಿಪಡಿಸುವ ಎಇಡಿ ಯಂತ್ರ ಆಸ್ಪತ್ರೆಯಿಂದಲೋ ದಾನಿಗಳಿಂದಲೋ ಆ ದಿನಗಳಿಗೆ ಸಿಗುತ್ತದಾ ಕೇಳಿ. ಟ್ರೋಫಿಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಇದಕ್ಕೆ ಹೋದರೂ ಪರವಾಗಿಲ್ಲ.

ಫುಟ್‌ಬಾಲ್ ಕಡಿಮೆ ಇರುವ ತಾಲ್ಲೂಕನ್ನು ಬಿಟ್ಟು ಸಕಲೇಶಪುರದಿಂದ ಎರಡು ತಂಡ ಕರೆಯೋಣ, ಪಂದ್ಯ ಚೆನ್ನಾಗಿರುತ್ತೆ ಅನ್ನುವ ಸಲಹೆಯೂ ಮೇಲಿದೆ. ನಾನು ಒಪ್ಪುವುದಿಲ್ಲ. 2013ರ ಕಾನ್ಫೆಡರೇಷನ್ಸ್ ಕಪ್‌ಗೆ ಪೆಸಿಫಿಕ್ ದ್ವೀಪಗಳ ಕಡೆಯ ಓಷಿಯಾನಿಯಾ ಟೂರ್ನಿ ಗೆದ್ದು ಬಂದಿದ್ದು ತಾಹಿತಿ. ಸಣ್ಣ ದ್ವೀಪ. ತಂಡದಲ್ಲಿ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಬೇರೆ ಕೆಲಸ ಮಾಡಿಕೊಂಡು ಆಡುವವರು, ನಮ್ಮ ಹುಡುಗರ ಹಾಗೆ. ನೈಜೀರಿಯಾ 6-1, ಸ್ಪೇನ್ 10-0, ಉರುಗ್ವೆ 8-0. ಮೂರು ಪಂದ್ಯದಲ್ಲಿ 24 ಗೋಲು ಬಿಟ್ಟರು. ಆದರೆ ನೈಜೀರಿಯಾ ಮೇಲೆ ಜೊನಾಥನ್ ತೆಹಾವು ಒಂದು ಗೋಲು ಹೊಡೆದಾಗ ಆಟಗಾರರೆಲ್ಲ ನೆಲದ ಮೇಲೆ ಸಾಲಾಗಿ ಕೂತು ದೋಣಿ ಹುಟ್ಟು ಹಾಕುವ ಹಾಗೆ ಮಾಡಿ ಸಂಭ್ರಮಿಸಿದರು. ಬ್ರೆಜಿಲ್‌ನ ಮರಕಾನಾ ಕ್ರೀಡಾಂಗಣದಲ್ಲಿ ಸ್ಪೇನ್ ಎದುರು ಆಡುವಾಗ ಇಡೀ ಮೈದಾನ ತಾಹಿತಿ ಕಡೆಗಿತ್ತು. ಆ ಕಪ್‌ನಲ್ಲಿ ಬ್ರೆಜಿಲ್ ಗೆದ್ದಿದ್ದಕ್ಕಿಂತ ನನಗೆ ಇದು ಜಾಸ್ತಿ ಇಷ್ಟ. ಅವರು ಅಲ್ಲಿಗೆ ಬಂದಿದ್ದು ತಮ್ಮ ಖಂಡದಲ್ಲಿ ಗೆದ್ದು, ಯಾರ ದಯೆಯಿಂದಲೂ ಅಲ್ಲ. ವಾಲಿಬಾಲ್, ಕಬಡ್ಡಿ ಜಾಸ್ತಿ ಇರುವ ತಾಲ್ಲೂಕಿನಲ್ಲಿ ಫುಟ್‌ಬಾಲ್ ಆಡುವ ಹುಡುಗರಿಗೆ ಮುಂದಿನ ವರ್ಷ ಮೈದಾನ ಸಿಗಬೇಕಾದರೆ ಈ ವರ್ಷ ಅವರು ಇಲ್ಲಿ ಆಡಿರಬೇಕು.

ಚಿಕ್ಕಮಗಳೂರಿನವರೂ ಸೇರಿಸಿ ಅಂತ ಕೇಳಿದ್ದಾರೆ. ಅದಕ್ಕೆ ಬೇರೆ ದಾರಿ ಇದೆ. 2022ರ ಜೂನ್ 1ರಂದು ಲಂಡನ್ನಿನ ವೆಂಬ್ಲಿಯಲ್ಲಿ ಯುರೋಪ್ ಚಾಂಪಿಯನ್ ಇಟಲಿ, ದಕ್ಷಿಣ ಅಮೆರಿಕದ ಚಾಂಪಿಯನ್ ಅರ್ಜೆಂಟೀನಾ ಒಂದೇ ಒಂದು ಪಂದ್ಯ ಆಡಿದವು. ಫೈನಲಿಸ್ಸಿಮಾ ಅಂತ ಹೆಸರು, ಅರ್ಜೆಂಟೀನಾ 3-0ರಿಂದ ಗೆದ್ದಿತು. ಅದೇ ತರಹ ಹಾಸನದ ಚಾಂಪಿಯನ್, ಚಿಕ್ಕಮಗಳೂರಿನ ಚಾಂಪಿಯನ್ ಮೇ ತಿಂಗಳಲ್ಲಿ ಒಂದು ಭಾನುವಾರ ಆಡಲಿ. ಒಂದು ವರ್ಷ ಇಲ್ಲಿ, ಇನ್ನೊಂದು ವರ್ಷ ಅಲ್ಲಿ. ಆ ಜಿಲ್ಲೆಯ ಟೂರ್ನಿಯನ್ನು ಅವರೇ ಅವರ ಅನುಕೂಲಕ್ಕೆ ಮಾಡಿಕೊಳ್ಳಲಿ.

ಅಣ್ಣಾ, ನೀವು ಈ ವಾರ ಮಾಡಬೇಕಾದ್ದು ಎರಡೇ ಕೆಲಸ. ಎಂಟು ತಾಲ್ಲೂಕಿನ ತಂಡಗಳ ಮ್ಯಾನೇಜರ್‌ಗಳಿಗೆ ಫೋನ್ ಮಾಡಿ ಏಪ್ರಿಲ್ ಕೊನೆಯ ಮೂರು ವಾರಾಂತ್ಯಗಳಲ್ಲಿ ಯಾರಿಗೆ ಯಾವುದು ಆಗುವುದಿಲ್ಲ ಅಂತ ಕೇಳಿ. ಮೈದಾನಕ್ಕೆ ಅರ್ಜಿ ಈಗಲೇ ಕೊಡಿ. ನಿಯಮದ ಕರಡು ನಾನು ಬರೆದು ಇದೇ ಗುಂಪಿಗೆ ಹಾಕುತ್ತೇನೆ. ರೆಫರಿ ಕೆಲಸ ಕಲಿತವರು, ನರ್ಸಿಂಗ್ ಓದಿದವರು ಯಾರಾದರೂ ಈ ಗುಂಪಿನಲ್ಲಿ ಇದ್ದರೆ ಕೆಳಗೆ ನಿಮ್ಮ ತಾಲ್ಲೂಕಿನ ಹೆಸರು ಬರೆಯಿರಿ.